ಇದ್ದ ಹಾಗೇ ಇರುವುದಾ, ತಿದ್ದಿಕೊಳ್ಳುವುದಾ? ಕೋಚ್ ಹತ್ತಿರ ಹೋದವರು ಯಾರಾದರೂ ಇದ್ದೀರಾ

ಮಳೆಗಾಲದ_ಮಗಳು (ಶಿರಸಿ):

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 33 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕೋವಿಡ್ ಹೊತ್ತಿನಲ್ಲಿ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಅಪ್ಪ ಒಬ್ಬರೇ ಇದ್ದಾರೆ, ತೋಟ ಇದೆ. ಮಾಳಿಗೆ ಮೇಲೆ ಮೇಜು ಹಾಕಿಕೊಂಡಿದ್ದೇನೆ, ಕರೆಂಟು ಹೋಗದಿದ್ದರೆ ಕೆಲಸ ಸಾಗುತ್ತದೆ. ತೊಂದರೆ ಅದಲ್ಲ. ಮೀಟಿಂಗಿನಲ್ಲಿ ನನಗೆ ಬಾಯಿಯೇ ಬರುವುದಿಲ್ಲ. ಗೊತ್ತಿರುವ ವಿಷಯವೇ ಇರುತ್ತದೆ, ಕೆಲವೊಮ್ಮೆ ನಾನೇ ಬರೆದ ಕೋಡ್ ಬಗ್ಗೆ ಚರ್ಚೆ ಆಗುತ್ತಿರುತ್ತದೆ, ಆದರೂ ಮ್ಯೂಟ್ ತೆಗೆಯುವುದಿಲ್ಲ. ನಾಲ್ಕು ವರ್ಷದಿಂದ ಅಪ್ರೈಸಲ್‌ನಲ್ಲಿ ಒಂದೇ ಮಾತು: ಕೆಲಸ ಚೆನ್ನಾಗಿದೆ, ಮಾತು ಸಾಲದು.

ಕಳೆದ ವರ್ಷ ಕಂಪನಿಯೇ ದುಡ್ಡು ಕೊಟ್ಟು ಒಬ್ಬರು ಕೋಚ್ ಗೊತ್ತು ಮಾಡಿಕೊಟ್ಟಿತು. ಎಂಟು ಸೆಷನ್, ಎಲ್ಲ ವಿಡಿಯೋ ಕಾಲ್. ಮೊದಲ ದಿನವೇ ‘ಆರು ತಿಂಗಳ ನಂತರ ನೀವು ಹೇಗಿರಬೇಕು, ಬರೆಯಿರಿ’ ಅಂದರು. ನನಗೂ ಹುರುಪು. 14 ಸಾಲು ಬರೆದೆ. ಬೆಳಿಗ್ಗೆ 5ಕ್ಕೆ ಏಳುವುದು, ಪ್ರತಿ ಮೀಟಿಂಗಿನಲ್ಲಿ ಮೂರು ಸಲ ಮಾತಾಡುವುದು, 6 ಕೆಜಿ ಇಳಿಸುವುದು, ನೆಂಟರಿಗೆ ‘ಆಗುವುದಿಲ್ಲ’ ಅನ್ನುವುದು, ಹೀಗೆ. ನಾಲ್ಕನೇ ವಾರದ ಹೊತ್ತಿಗೆ ಆದದ್ದು ಒಂದು. 5ಕ್ಕೆ ಏಳುವುದು. ಎದ್ದು ಕೂತು ಉಳಿದ 13ರ ಬಗ್ಗೆ ಕೊರಗುವುದು. ಬಾಡಿಗೆ ಮನೆಗೆ ಓನರ್ ದಿನಾ ಬಂದು ಗೋಡೆ ಮುಟ್ಟಿ ನೋಡಿದ ಹಾಗೆ ನನ್ನನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಆಮೇಲೆ ಗೆಳತಿಯೊಬ್ಬಳು ‘ನೀನು ಇರುವ ಹಾಗೇ ಸಾಕು, ಯಾರಿಗೋಸ್ಕರವೂ ಬದಲಾಗಬೇಡ’ ಅನ್ನುವಂಥ ರೀಲ್ಸ್ ಕಳಿಸತೊಡಗಿದಳು. ಸರಿ, ಪಟ್ಟಿ ಹರಿದು ಹಾಕಿದೆ. ಒಂದು ವಾರ ಆರಾಮ ಅನಿಸಿತು, ನಿಜ. ಎರಡನೇ ವಾರ ಮತ್ತೆ ಒಂದು ಮೀಟಿಂಗಿನಲ್ಲಿ ನನ್ನ ಕೆಲಸವನ್ನು ಇನ್ನೊಬ್ಬರು ತಪ್ಪಾಗಿ ವಿವರಿಸಿದರು, ನಾನು ಸುಮ್ಮನೆ ಕೂತೆ. ಅವತ್ತು ರಾತ್ರಿ ‘ನಾನು ಇರುವ ಹಾಗೇ ಸಾಕು’ ಅಂತ ಹೇಳಿಕೊಂಡರೆ ಸುಳ್ಳು ಹೇಳಿದ ಹಾಗೆ ಅನಿಸಿತು.

ಈಗ ಕೇಳುವುದು ಇಷ್ಟೇ. ತಿದ್ದಿಕೊಳ್ಳಲು ಹೊರಟರೆ ನನ್ನ ಮೇಲೇ ಸಿಟ್ಟು, ಒಪ್ಪಿಕೊಂಡರೆ ಅಲ್ಲೇ ನಿಂತು ಹೋಗುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಿದವರು ಇದ್ದೀರಾ? ಅಥವಾ ಇದೆಲ್ಲ ಕೋಚ್‌ಗಳ ಮಾತಿನ ಚಮತ್ಕಾರವಾ?

ಮಾಣಿಯ_ಅಪ್ಪ (ಹೊನ್ನಾವರ):

ಯಾವ ಪರೀಕ್ಷೆಯ ಕೋಚಿಂಗ್ ತಂಗಿ? ನಮ್ಮ ಹುಡುಗನೂ ಎರಡನೇ ಸಲ ನೀಟ್‌ಗೆ ಓದುತ್ತಿದ್ದಾನೆ. ಹುಬ್ಬಳ್ಳಿ ಒಳ್ಳೆಯದಾ, ಮಂಗಳೂರಾ?

ಮಳೆಗಾಲದ_ಮಗಳು:

ಅಯ್ಯೋ ಅಣ್ಣ, ಆ ಕೋಚಿಂಗ್ ಅಲ್ಲ. ಇದರಲ್ಲಿ ಸಿಲಬಸ್ಸೇ ಇಲ್ಲ, ಅದೇ ಕಷ್ಟ.

ಮೈಲುತುತ್ತ (ಸಿದ್ದಾಪುರ):

ಸಿಟ್ಟು ಮಾಡಿಕೊಳ್ಳಬೇಡ ತಂಗಿ, ನೇರ ಹೇಳುತ್ತೇನೆ. ಇದು ಹೊಟ್ಟೆ ತುಂಬಿದವರ ರೋಗ. ನಮ್ಮಜ್ಜನಿಗೆ ಯಾವ ಕೋಚ್ ಇದ್ದ? ನಾಲ್ಕೆಕರೆ ತೋಟ ಎಬ್ಬಿಸಿದ, ಆರು ಮಕ್ಕಳನ್ನು ದಡ ಮುಟ್ಟಿಸಿದ, ‘ನನ್ನನ್ನು ನಾನು ಒಪ್ಪಿಕೊಳ್ಳಬೇಕಾ’ ಅಂತ ಒಂದು ದಿನವೂ ಕೇಳಿದ್ದು ನಾನು ಕಾಣೆ. ಈಗ ನಿನ್ನೆ ಮೊನ್ನೆ ಇನ್ಶೂರೆನ್ಸ್ ಮಾರುತ್ತಿದ್ದವರು ಇವತ್ತು ಲೈಫ್ ಕೋಚ್. ನನ್ನ ಪರಿಚಯದವನೇ ಒಬ್ಬ ಎರಡು ದಿನದ ಶಿಬಿರಕ್ಕೆ ಹೋಗಿ ಬಂದು ಕಾರ್ಡ್ ಹೊಡೆಸಿಕೊಂಡಿದ್ದಾನೆ. ಅವನ ಮನೆಯಲ್ಲೇ ಅವನ ಮಾತು ಯಾರೂ ಕೇಳುವುದಿಲ್ಲ.

ಅಕ್ಕೋರು_ಅಂಕೋಲಾ:

ಹೆಗಡೆಯವರೋ ಭಟ್ಟರೋ ಗೊತ್ತಿಲ್ಲ, ನಿಮ್ಮ ಅಜ್ಜನಿಗೆ ಜಗಲಿ ಇತ್ತು ಸ್ವಾಮಿ. ಸಂಜೆ ಎಲೆಅಡಿಕೆ ಕವಳದ ತಟ್ಟೆ ಮುಂದಿಟ್ಟುಕೊಂಡು ನಾಲ್ಕು ಜನ ಕೂರುತ್ತಿದ್ದರು. ‘ಏನೋ, ಈ ಸಲ ಗೊಬ್ಬರ ಸಾಲಲಿಲ್ಲ ಅಂತ ಕಾಣುತ್ತದೆ’ ಅಂತ ಒಬ್ಬರು ಅನ್ನುತ್ತಿದ್ದರು. ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಈ ಹುಡುಗಿ ಮಾಳಿಗೆ ಮೇಲೆ ಒಬ್ಬಳೇ ಕೂತಿದ್ದಾಳೆ, ಅವಳ ಜಗಲಿ ಎಲ್ಲಿದೆ?

ನಾನು 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಬಿ.ಎಡ್ ಓದುವಾಗ ಕಾರ್ಲ್ ರೋಜರ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞನ ಬಗ್ಗೆ ಪಾಠ ಇತ್ತು. ಮನುಷ್ಯ ತನ್ನನ್ನು ಇದ್ದಂತೆ ಒಪ್ಪಿಕೊಂಡಾಗಲೇ ಬದಲಾಗಲು ಶುರು ಮಾಡುತ್ತಾನೆ, ಇದು ವಿಚಿತ್ರ ಆದರೂ ನಿಜ ಅನ್ನುವುದು ಅವನ ಮಾತಿನ ಸಾರ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಹತ್ತು ವರ್ಷ ಪಾಠ ಮಾಡಿದ ಮೇಲೆ. ‘ನಿನಗೆ ಭಿನ್ನರಾಶಿ ಬರುವುದಿಲ್ಲ’ ಅಂತ ನಾನು ಅಂದರೆ ಹುಡುಗ ಮುಖ ತಗ್ಗಿಸುತ್ತಿದ್ದ. ‘ಛೇದ ಬೇರೆ ಇದ್ದಾಗ ಮಾತ್ರ ತಪ್ಪುತ್ತಿದ್ದೀಯ ನೋಡು’ ಅಂದರೆ ಪುಸ್ತಕ ನನ್ನ ಕಡೆ ತಿರುಗಿಸುತ್ತಿದ್ದ.

ಕಡಲತಡಿ (ಕಾರವಾರ):

ನಾನು ಇದೇ ಕೆಲಸ ಮಾಡುವವನು. ದುಡ್ಡು ತೆಗೆದುಕೊಂಡು ಮಾಡುತ್ತೇನೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಳೆದೇ ಓದಿ.

ಮೈಲುತುತ್ತ ಅಣ್ಣ ಹೇಳಿದ್ದು ಸುಳ್ಳಲ್ಲ. ಕೋಚ್ ಅಂತ ಬೋರ್ಡ್ ಹಾಕಲು ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ನಮಗೆ ಅಂಥದ್ದು ಇಲ್ಲ. ಐಸಿಎಫ್ ಅಂತ 1995ರಲ್ಲಿ ಶುರುವಾದ, ಕೋಚ್‌ಗಳದ್ದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ. ಅವರ ಮೊದಲ ಹಂತದ ಸರ್ಟಿಫಿಕೇಟಿಗೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು. ಅದು ಇದ್ದವರೆಲ್ಲ ಒಳ್ಳೆಯವರು ಅಂತಲ್ಲ. ಆದರೆ ‘ನೀವು ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮಾಡಿದ್ದೀರಿ’ ಅಂತ ಕೇಳಿ. ಕೇಳಿದ್ದಕ್ಕೆ ಮುಖ ದಪ್ಪ ಮಾಡಿಕೊಂಡರೆ ಅಲ್ಲೇ ನಮಸ್ಕಾರ ಹೇಳಿ.

ಈಗ ಆ 14 ಸಾಲಿನ ಪಟ್ಟಿ. ಓದಿ ನಾಚಿಕೆ ಆಯಿತು, ಯಾಕೆಂದರೆ ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿಸುತ್ತಿದ್ದೆ. ನಮ್ಮ ಕಸುಬಿನಲ್ಲಿ ಗ್ರೋ ಅಂತ ಒಂದು ಮಾದರಿ ಉಂಟು, 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡದ್ದು. ಅದನ್ನು ಜಾಸ್ತಿ ಪ್ರಚಾರ ಮಾಡಿದ ಜಾನ್ ವಿಟ್ಮೋರ್ ಮೊದಲು ಕಾರ್ ರೇಸ್ ಓಡಿಸುತ್ತಿದ್ದವನು. ನಾಲ್ಕು ಮೆಟ್ಟಿಲು: ಗುರಿ ಏನು, ಈಗ ಇರುವ ಸ್ಥಿತಿ ಏನು, ದಾರಿಗಳು ಯಾವುವು, ಏನು ಮಾಡುತ್ತೀರಿ. ನಾವು ಮಾಡುವ ಕಳ್ಳತನ ಎರಡನೇ ಮೆಟ್ಟಿಲಲ್ಲಿ. ಗುರಿ ಬರೆಸುವುದು ಚಂದ, ಜನರಿಗೂ ಖುಷಿ. ಈಗ ಇರುವ ಸ್ಥಿತಿ ನೋಡುವುದು ಬೇಜಾರಿನ ಕೆಲಸ, ಐದು ನಿಮಿಷದಲ್ಲಿ ಮುಗಿಸಿ ಹಾರುತ್ತೇವೆ. ನನ್ನ ಲೆಕ್ಕದಲ್ಲಿ ಒಪ್ಪಿಕೊಳ್ಳುವುದು ಅಂದರೆ ಆ ಎರಡನೇ ಮೆಟ್ಟಿಲೇ. ರೀಲ್ಸಿನವರು ಅಲ್ಲೇ ಚಾಪೆ ಹಾಸಿ ಮಲಗಿ ಅನ್ನುತ್ತಾರೆ, ನಿಮ್ಮ ಕೋಚ್ ಅದನ್ನು ಮೆಟ್ಟದೇ ದಾಟಿಸಿದರು.

ವಿಟ್ಮೋರ್‌ಗೆ ದಾರಿ ತೋರಿಸಿದ್ದು ಟಿಮೊಥಿ ಗಾಲ್ವೇ ಅನ್ನುವ ಅಮೆರಿಕದ ಟೆನಿಸ್ ಕೋಚ್. 1970ರ ದಶಕದಲ್ಲಿ ಅವನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾನು ಸೂಚನೆ ಕೊಡುವುದು ಕಡಿಮೆ ಮಾಡಿದಷ್ಟೂ ಕಲಿಯುವವರು ಬೇಗ ಸುಧಾರಿಸುತ್ತಿದ್ದರು. ‘ಛೆ, ಕೆಟ್ಟ ಹೊಡೆತ’ ಅನ್ನುವ ಬದಲು ಚೆಂಡು ಎಲ್ಲಿ ಬಿತ್ತು ಅಂತ ಮಾತ್ರ ನೋಡಿಸಿದ. ಗೆರೆಯಿಂದ ಅರ್ಧ ಅಡಿ ಆಚೆ, ಅಷ್ಟೇ. ತೀರ್ಪು ಬೇಡ, ಅಳತೆ ಸಾಕು.

ತಂಗಿ, ದುಡ್ಡಿಲ್ಲದ ಒಂದು ಕೆಲಸ ಹೇಳುತ್ತೇನೆ. ಒಂದು ವಾರ ಏನೂ ಬದಲಿಸಬೇಡಿ. ಮೀಟಿಂಗಿನಲ್ಲಿ ಮಾತಾಡಬೇಕು ಅನಿಸಿ ಬಿಟ್ಟಾಗಲೆಲ್ಲ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಆ ಗಳಿಗೆ ಏನಾಗುತ್ತಿತ್ತು ಅಂತ ನಾಲ್ಕು ಶಬ್ದ. ‘ನಾನು ಹೇಡಿ’ ಅಂತ ಬರೆಯುವಂತಿಲ್ಲ.

ಮೈಲುತುತ್ತ:

ನಿಮ್ಮ ಫೀಸ್ ಎಷ್ಟು ಹೇಳಲಿಲ್ಲ.

ಕಡಲತಡಿ:

ಗಂಟೆಗೆ 1,500. ಟ್ಯಾಗೋರ್ ಬೀಚಿನಲ್ಲಿ ನಡೆಯುತ್ತಾ ಮಾತಾಡಿದರೂ ಅಷ್ಟೇ, ಗಾಳಿಗೆ ಬೇರೆ ಚಾರ್ಜ್ ಇಲ್ಲ.

ತೊಡದೇವು (ಯಲ್ಲಾಪುರ):

ನನಗೆ 51. ‘ಒಪ್ಪಿಕೊಳ್ಳುವುದು’ ಅನ್ನುವ ಶಬ್ದ ಕೇಳಿದರೇ ಮೈ ಉರಿಯುತ್ತದೆ, ಅದನ್ನು ಹೇಳಲು ಬಂದೆ. ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಅದು ಯಾರೂ ಹೊಸದಾಗಿ ಕಲಿಸಬೇಕಾದದ್ದಲ್ಲ. ಮದುವೆಯ ದಿನವೇ ಕಿವಿಯಲ್ಲಿ ಹೇಳಿ ಕಳಿಸುತ್ತಾರೆ, ಹೊಂದಿಕೊಂಡು ಹೋಗು ಅಂತ. ಅತ್ತೆಗೆ ಹೊಂದಿಕೊಂಡೆ, ಊರಿಗೆ ಹೊಂದಿಕೊಂಡೆ, ಮನೆಯವರ ಸಿಟ್ಟಿಗೆ ಹೊಂದಿಕೊಂಡೆ. ಇದೆಲ್ಲ ಬೇರೆಯವರನ್ನು ಒಪ್ಪಿಕೊಂಡದ್ದು. ನನ್ನನ್ನು ನಾನು ಒಪ್ಪಿಕೊಂಡದ್ದು ಒಂದೇ ಸಲ, ಅದೂ ಡ್ರೈವಿಂಗ್ ಕಲಿಯುವಾಗ.

46ನೇ ವರ್ಷಕ್ಕೆ ಕಾರ್ ಕಲಿಯಲು ಹೋದೆ. ಎಲ್ಲರೂ ನಕ್ಕರು. ಎರಡು ತಿಂಗಳು ಕ್ಲಚ್ ಬಿಡುವಾಗ ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಹಿಂದಿನಿಂದ ಹಾರ್ನ್. ‘ನನ್ನ ತಲೆಗೆ ಹತ್ತುವುದಿಲ್ಲ’ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ದಿನ ಕಲಿಸುವ ಹುಡುಗ ಗಾಡಿ ನಿಲ್ಲಿಸಿ ನನ್ನ ಕಾಲು ನೋಡಿದ. ‘ಅಕ್ಕ, ನಿಮ್ಮ ಎಡಗಾಲು ಪೂರ್ತಿ ಎಟುಕುತ್ತಾ ಇಲ್ಲ. ನಾಳೆ ಬೆನ್ನಿಗೆ ಒಂದು ದಿಂಬು ತನ್ನಿ.’ ಅಷ್ಟೇ. ನಾನು ಗಿಡ್ಡ ಅನ್ನುವುದು ನನಗೆ ಗೊತ್ತಿತ್ತು. ಆದರೆ ದಿಂಬು ತಂದರೆ ಎಲ್ಲರ ಎದುರು ಗಿಡ್ಡ ಅಂತ ಹೇಳಿಕೊಂಡ ಹಾಗೆ ಅಲ್ವಾ, ಆ ನಾಚಿಕೆಗೆ ಎರಡು ತಿಂಗಳು ಕ್ಲಚ್ಚಿನ ಮೇಲೆ ತುದಿಗಾಲಲ್ಲಿ ನಿಂತಿದ್ದೆ. ಮಗಳ ಹಳೇ ದಿಂಬು, ಮೇಲೆ ನವಿಲಿನ ಚಿತ್ರ, ಅದನ್ನೇ ಹಿಡಿದುಕೊಂಡು ಹೋದೆ. ಹತ್ತನೇ ದಿನಕ್ಕೆ ಪೇಟೆಯೊಳಗೆ ಓಡಿಸಿದೆ. ಈಗ ಅರಬೈಲ್ ಘಾಟ್ ಇಳಿದು ಅಂಕೋಲೆಗೆ ಹೋಗಿ ಮೀನು ತರುವ ಲಾರಿಗಳ ಮಧ್ಯೆಯೇ ವಾಪಸ್ ಹತ್ತುತ್ತೇನೆ. ದಿಂಬು ಈಗಲೂ ಇದೆ.

ನಾನು ಉದ್ದ ಆಗಲಿಲ್ಲ, ಆಗುವುದೂ ಇಲ್ಲ. ಕ್ಲಚ್ ಬಂತು.

ಮಳೆಗಾಲದ_ಮಗಳು:

ಅಕ್ಕ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ‘ಯಾರ ಮನೆಯವಳು’ ಅಂತ ಕೇಳಿದರು. ಅವರಿಗೆ ಅದೇ ಮುಖ್ಯ.

ಪುಂಡುವೇಷ (ಹೊನ್ನಾವರ):

ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಕಲಿತದ್ದು ನಾನು ಬೈಸಿಕೊಂಡೇ. ತಾಳ ತಪ್ಪಿದರೆ ನಮ್ಮ ಗುರುಗಳು ಕೋಲು ಬೀಸುತ್ತಿದ್ದರು. ‘ನಿನ್ನನ್ನು ನೀನು ಒಪ್ಪಿಕೋ’ ಅಂತ ಅವತ್ತು ಯಾರಾದರೂ ಹೇಳಿದ್ದರೆ ನಾನು ಇವತ್ತಿಗೂ ಏಕತಾಳಕ್ಕೆ ಎಡವುತ್ತಿದ್ದೆ. ಸಿಟ್ಟು ಬರಬೇಕು, ಛಲ ಹುಟ್ಟಬೇಕು. ಕಲೆ ಬರುವುದು ಹಾಗೆ. ಆದರೆ ಒಂದು ನಿಜ ಹೇಳಬೇಕು. ನನ್ನದು ಕೀರಲು ಸ್ವರ, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಹುಚ್ಚು ಇತ್ತು. ‘ಈ ಸ್ವರಕ್ಕೆ ಆ ಅಬ್ಬರ ಕೂರುವುದಿಲ್ಲ, ಪುಂಡು ವೇಷ ಹಿಡಿ’ ಅಂತ ಚುರುಕು ತರುಣರ ಪಾತ್ರಕ್ಕೆ ಹಚ್ಚಿದವರೂ ಅವರೇ. ಅದಕ್ಕೆ ಮಾತ್ರ ಕೋಲು ಎತ್ತಲಿಲ್ಲ.

ಅಕ್ಕೋರು_ಅಂಕೋಲಾ:

ನಿಮ್ಮ ಜೊತೆ ಹೆಜ್ಜೆ ಕಲಿಯಲು ಬಂದವರು ಎಷ್ಟು ಜನ? ಉಳಿದವರು ಎಷ್ಟು? ಬೈಸಿಕೊಂಡು ಕಲಿತವರು ವೇದಿಕೆ ಮೇಲೆ ಕಾಣುತ್ತಾರೆ, ಬೈಸಿಕೊಂಡು ಬಿಟ್ಟು ಹೋದವರು ಲೆಕ್ಕಕ್ಕೆ ಸಿಗುವುದಿಲ್ಲ. ನಾನೂ ಬೆತ್ತ ಹಿಡಿದವಳೇ, ಅದಕ್ಕೇ ಕೇಳುತ್ತಿದ್ದೇನೆ.

ಪುಂಡುವೇಷ:

ಒಂಬತ್ತು ಜನ. ಉಳಿದದ್ದು ಇಬ್ಬರು. ಬಿಟ್ಟವರಲ್ಲಿ ನನ್ನ ತಮ್ಮನೂ ಒಬ್ಬ. ನನಗಿಂತ ಚೆನ್ನಾಗಿ ಕುಣಿಯುತ್ತಿದ್ದ. ಆದರೂ ನನ್ನ ಮಾತು ಪೂರ್ತಿ ತಪ್ಪು ಅಂತ ಒಪ್ಪುವುದಿಲ್ಲ ಅಕ್ಕೋರೇ.

ಹೆಸರು_ಬೇಡ (ಕುಮಟಾ):

ಮಾತು ಹಗುರವಾಗಿ ನಡೆಯುತ್ತಿದೆ, ಮಧ್ಯೆ ಭಾರದ್ದು ತರುತ್ತಿದ್ದೇನೆ. ನಾನೂ ಒಬ್ಬ ಕೋಚ್ ಹತ್ತಿರ ಹೋಗಿದ್ದೆ, ಆನ್‌ಲೈನ್ ಸಿಕ್ಕವರು, ಹೆಸರು ಬೇಡ. ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಸ್ನಾನಕ್ಕೆ ಹೋಗುವುದೇ ದೊಡ್ಡ ಕೆಲಸ. ಅವರು ‘ನಿಮ್ಮ ಆರಾಮದ ವಲಯದಿಂದ ಹೊರಗೆ ಬನ್ನಿ’ ಅಂದರು. ಯಾವ ಆರಾಮ? ಮೂರು ತಿಂಗಳು ಗುರಿ ಬರೆದೆ, ತಪ್ಪಿದೆ, ಬರೆದೆ, ತಪ್ಪಿದೆ. ಕೊನೆಗೆ ಅಕ್ಕ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದು ಖಿನ್ನತೆ ಅಂತ ಗೊತ್ತಾಯಿತು. ಔಷಧಿ, ಆಪ್ತಸಮಾಲೋಚನೆ, ಏಳೆಂಟು ತಿಂಗಳು ಹಿಡಿಯಿತು.

ಅಲ್ಲಿ ಒಬ್ಬರು ಮೇಡಂ ಮಾರ್ಷಾ ಲೈನಹಾನ್ ಬಗ್ಗೆ ಹೇಳಿದ್ದರು. ಸಾಯುವ ಯೋಚನೆ ಬಿಡದವರಿಗೆ ಚಿಕಿತ್ಸೆ ಮಾಡುತ್ತಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞೆ. ‘ಬದಲಾಗು, ಬದಲಾಗು’ ಅಂತ ಮಾತ್ರ ಹೇಳಿದರೆ ರೋಗಿಗಳಿಗೆ ತಮ್ಮ ನೋವು ಯಾರಿಗೂ ಅರ್ಥವಾಗಲಿಲ್ಲ ಅನಿಸುತ್ತಿತ್ತಂತೆ. ‘ನೀನು ಹೀಗೇ ಸರಿ’ ಅಂದರೆ ಹಾಗಾದರೆ ಈ ನರಕ ಹೀಗೇನಾ ಅಂತ ಕೈ ಬಿಡುತ್ತಿದ್ದರಂತೆ. ಅದಕ್ಕೇ ಎರಡನ್ನೂ ಸೇರಿಸಿ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನುವ ಚಿಕಿತ್ಸೆ ಕಟ್ಟಿದರು. ತಾನೂ ಹುಡುಗಿಯಾಗಿದ್ದಾಗ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವಳು ಅಂತ 2011ರಲ್ಲಿ ಎಲ್ಲರ ಮುಂದೆ ಹೇಳಿಕೊಂಡವರು ಅವರು.

ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ ಕೋಚ್ ಅಲ್ಲ, ಡಾಕ್ಟರ್. ಯಾರಿಗೆ ಹೇಳುವುದು ಅಂತ ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂದು ರಾತ್ರಿ ಎರಡು ಗಂಟೆಗೆ ನಾನು ಮಾಡಿದ್ದೇನೆ.

ಕಡಲತಡಿ:

ಇದನ್ನು ನಾನೇ ಮೊದಲು ಬರೆಯಬೇಕಿತ್ತು, ಬರೆಯಲಿಲ್ಲ. ಕ್ಷಮಿಸಿ. ನಾನು ಮೊದಲ ಸೆಷನ್ನಿನಲ್ಲೇ ನಿದ್ದೆ, ಊಟ ಕೇಳುತ್ತೇನೆ. ಇಬ್ಬರನ್ನು ವಾಪಸ್ ಕಳಿಸಿದ್ದೂ ಇದೆ. ಕಳಿಸುವಾಗ ಫೀಸ್ ಹೋಯಿತಲ್ಲ ಅಂತ ಅನಿಸಿದ್ದೂ ಇದೆ, ಸುಳ್ಳು ಯಾಕೆ ಹೇಳಲಿ.

ಮಳೆಗಾಲದ_ಮಗಳು (ಹನ್ನೊಂದು ದಿನ ಬಿಟ್ಟು):

ಬರೆದೆ. ಕಂಪನಿ ಡೈರಿ ಅಲ್ಲ, ಅಪ್ಪ ಅಡಿಕೆ ತೂಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ.

ಐದು ದಿನ, 11 ಮೀಟಿಂಗ್. ಮಾತಾಡಬೇಕು ಅನಿಸಿ ಬಿಟ್ಟದ್ದು 23 ಸಲ. ಅಷ್ಟೊಂದು ಸಲ ಅನಿಸುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನನಗೆ ಹೇಳಲು ಏನೂ ಇಲ್ಲ ಅಂದುಕೊಂಡಿದ್ದೆ. ಪಕ್ಕದಲ್ಲಿ ಬರೆದದ್ದು ನೋಡಿದರೆ, ಎರಡು ಸಲ ಮ್ಯಾನೇಜರ್ ಹೆದರಿಕೆ. ನಾಲ್ಕು ಸಲ ಬೇರೆ ಯಾರೋ ಅದನ್ನೇ ಹೇಳಿದರು. ಉಳಿದ 17 ಸಲವೂ ಒಂದೇ ಕತೆ: ‘ವಾಕ್ಯ ಕಟ್ಟುತ್ತಿದ್ದೆ.’

ಹತ್ತನೇ ತನಕ ಕನ್ನಡ ಮೀಡಿಯಂ ನಾನು. ಇಂಗ್ಲಿಷ್ ಬರೆಯಲು ತೊಂದರೆ ಇಲ್ಲ. ಮಾತಾಡುವ ಮೊದಲು ಮಾತ್ರ ಇಡೀ ವಾಕ್ಯ ತಲೆಯಲ್ಲಿ ಇಸ್ತ್ರಿ ಮಾಡುತ್ತೇನೆ. ಕಾಲ ಸರಿಯಿದೆಯಾ, ಬಹುವಚನ ಬಂತಾ. ಇಸ್ತ್ರಿ ಮುಗಿಯುವಾಗ ಅವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ. ನಾಲ್ಕು ವರ್ಷ ನನ್ನನ್ನು ನಾನು ಹೆದರುಪುಕ್ಕಲಿ ಅಂದುಕೊಂಡಿದ್ದೆ. ಹೆದರಿಕೆ 23ರಲ್ಲಿ ಎರಡು!

ಒಂದು ಕಡೆ ನಗು ಬಂತು, ಇನ್ನೊಂದು ಕಡೆ ಅಳುವೂ ಬಂತು. ಆ 14 ಸಾಲಿನಲ್ಲಿ ಇದು ಎಲ್ಲೂ ಇರಲಿಲ್ಲ. ‘ಧೈರ್ಯ ಬೆಳೆಸಿಕೊಳ್ಳುವುದು’ ಅಂತ ಇತ್ತು.

ಬೆಂಗಳೂರು_ಬಸ್ (ಊರು ಸಿದ್ದಾಪುರ):

ಅಕ್ಕ, ಒಂದು ಪ್ರಶ್ನೆ. ನೀವೇ ಯಾಕೆ ಬದಲಾಗಬೇಕು? ಮೀಟಿಂಗ್ ಯಾಕೆ ಅಷ್ಟು ಓಡಬೇಕು? ಕಂಪನಿಯವರು ಕೋಚ್ ಕೊಡುವುದು ತಮ್ಮ ಸಮಸ್ಯೆಯನ್ನು ನಮ್ಮ ತಲೆಗೆ ಕಟ್ಟಲು. ನಮ್ಮ ಟೀಮಿನಲ್ಲಿ ಒಬ್ಬರು ಮೀಟಿಂಗಿಗೆ ಮೊದಲೇ ವಿಷಯ ಬರೆದು ಕಳಿಸುವ ಪದ್ಧತಿ ಮಾಡಿದರು. ಯಾವಾಗಲೂ ಸುಮ್ಮನಿರುತ್ತಿದ್ದ ಮೂವರು ತನ್ನಿಂದ ತಾನೇ ಮಾತಾಡತೊಡಗಿದರು. ಯಾರಿಗೂ ಸೆಷನ್ ಬೇಕಾಗಲಿಲ್ಲ.

ಕಡಲತಡಿ:

ನೂರಕ್ಕೆ ನೂರು. ನಾನು ಇದನ್ನು ಕಂಪನಿಗಳಿಗೆ ಹೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ, ಅದು ಬೇರೆ ಮಾತು. ತಂಗಿ ಕೇಳಿ ನೋಡಲಿ, ವಿಷಯ ಹಿಂದಿನ ದಿನವೇ ಕಳಿಸಿ ಅಂತ. ಕೊಡದಿದ್ದರೆ? ಅದಕ್ಕೇ ಅವಳ ಕೈಯಲ್ಲೂ ಒಂದು ಉಪಾಯ ಇರಲಿ.

ಮೈಲುತುತ್ತ:

ಆ ಗೆರೆ ಎಳೆಯುವ ಕೆಲಸ ಓದಿದ ಮೇಲೆ ಒಂದು ಹೇಳಬೇಕು ಅನಿಸಿತು. ಕೋಚ್‌ಗಳ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ, ಅದನ್ನು ಮೊದಲೇ ಹೇಳುತ್ತೇನೆ.

ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಸರಿ ಇದ್ದರೂ ಸುಣ್ಣ ಎಲ್ಲ ಒಂದೇ ಥರ ಇರುವುದಿಲ್ಲ, ಹಳೇ ಸುಣ್ಣ ಆದರೆ ಖಾರ ಹೋಗಿರುತ್ತದೆ. ಅದಕ್ಕೆ ಕಲಸಿದ ಮೇಲೆ ತುಕ್ಕಿಲ್ಲದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿಗೆ ಕೆಂಪಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹಾಗೇ ಹೊಡೆದರೆ ಅಡಿಕೆ ಗೊನೆ, ಸೋಗೆ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಹಾಕುತ್ತೇವೆ, ಮತ್ತೆ ಅದ್ದುತ್ತೇವೆ. ಅಲಗು ಬೆಳ್ಳಗೆ ಬರುವ ತನಕ.

ಕತ್ತಿ ಕೆಂಪಾಯಿತು ಅಂತ ಡ್ರಮ್ಮಿಗೆ ಬೈದವರನ್ನು ನಾನು ನೋಡಿಲ್ಲ. ಕೆಂಪಾದದ್ದನ್ನು ನೋಡಿ ‘ಇರಲಿ, ಚಂದ ಉಂಟು’ ಅಂತ ಹಾಗೇ ಹೊಡೆದವರೂ ಇಲ್ಲ. ಹೌದು, ಒಬ್ಬ ಇದ್ದಾನೆ. ಕತ್ತಿಯನ್ನೇ ಅದ್ದದವ. ಯಾಕೋ ಮಾರಾಯ ಅಂದರೆ ‘ಕೆಂಪಾದರೆ ಮತ್ತೆ ಸುಣ್ಣ ತರಲು ಯಾರು ಹೋಗುತ್ತಾರೆ’ ಅಂದ. ಆ ಒಬ್ಬ ಯಾರು ಅಂತ ಕೇಳಬೇಡಿ. ಎರಡು ವರ್ಷದ ಹಿಂದಿನ ಮಳೆಗಾಲ, ಬೆನ್ನು ನೋವಿತ್ತು.

ಅಕ್ಕೋರು_ಅಂಕೋಲಾ:

ಕೇಳುವುದಿಲ್ಲ ಸ್ವಾಮಿ. ಹೆಸರಿನಲ್ಲೇ ಇದೆ.

ಮಾಣಿಯ_ಅಪ್ಪ:

ಮೊದಲ ದಿನ ಗೊತ್ತಿಲ್ಲದೆ ಏನೋ ಕೇಳಿದೆ, ಎಲ್ಲರೂ ನಕ್ಕಿರಬಹುದು. ಆದರೆ ಅವತ್ತಿನಿಂದ ದಿನಾ ಓದುತ್ತಿದ್ದೇನೆ. ಈಗ ಗೊತ್ತಿದ್ದೇ ಕೇಳುತ್ತಿದ್ದೇನೆ. ಮಗ ನಿನ್ನೆಯ ಟೆಸ್ಟಿನಲ್ಲಿ ಮತ್ತೆ ಕಡಿಮೆ ತೆಗೆದ. ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ. ‘ಪರವಾಗಿಲ್ಲ’ ಅಂದರೆ ‘ನಿಮಗೆ ನನ್ನ ಮೇಲೆ ಆಸೆಯೇ ಇಲ್ಲ’ ಅನ್ನುತ್ತಾನೆ. ‘ಇನ್ನೂ ಜಾಸ್ತಿ ಓದು’ ಅಂದರೆ ತಟ್ಟೆ ಬಿಟ್ಟು ಏಳುತ್ತಾನೆ. ನಾನು ಏನು ಹೇಳಬೇಕು? ಹೇಳಲೇಬಾರದಾ?

ಅಕ್ಕೋರು_ಅಂಕೋಲಾ:

ನಿಮ್ಮ ಪ್ರಶ್ನೆಗೆ ಯಾರೂ ನಗಲಿಲ್ಲ. ನಿಜವಾದ ಪ್ರಶ್ನೆ ನಿಮ್ಮದೇ.

2012ರಲ್ಲಿ ಜೂಲಿಯಾನಾ ಬ್ರೈನ್ಸ್, ಸೆರೀನಾ ಚೆನ್ ಅನ್ನುವ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಕಷ್ಟದ ಶಬ್ದಪರೀಕ್ಷೆ ಕೊಟ್ಟರು, ಮಕ್ಕಳು ಎಡವಿದರು. ಒಂದು ಗುಂಪಿಗೆ ಇದು ಎಲ್ಲರಿಗೂ ಕಷ್ಟವೇ, ನಿಮ್ಮ ಮೇಲೆ ಕಠಿಣವಾಗಬೇಡಿ ಅನ್ನುವ ಧಾಟಿಯಲ್ಲಿ ಹೇಳಿದರು. ಇನ್ನೊಂದು ಗುಂಪಿಗೆ ನೀವು ಜಾಣರು ಅನ್ನುವ ಧಾಟಿಯಲ್ಲಿ. ಮುಂದಿನ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದ್ದು ಮೊದಲ ಗುಂಪು. ತನ್ನ ಮೇಲೆ ಕರುಣೆ ಇದ್ದರೆ ಸೋಮಾರಿ ಆಗುತ್ತಾರೆ ಅಂತ ನಾನು 31 ವರ್ಷ ನಂಬಿದ್ದೆ, ಇದನ್ನು ಓದಿದ್ದು ನಿವೃತ್ತಿಯ ನಂತರ. ನೆನೆದರೆ ಕೆಲವು ಮಕ್ಕಳ ಮುಖ ಕಣ್ಣೆದುರು ಬರುತ್ತದೆ.

ನೀವು ಇವತ್ತು ಏನೂ ಹೇಳಬೇಡಿ. ಬಾಗಿಲು ತೆಗೆದಾಗ ‘ಪೇಪರ್ ತೋರಿಸು, ಎಲ್ಲೆಲ್ಲಿ ಹೋಯಿತು ನೋಡೋಣ’ ಅನ್ನಿ. ಅಂಕದ ಮಾತು ಎತ್ತಬೇಡಿ. ಫಿಸಿಕ್ಸ್ ನಿಮಗೆ ಬರಬೇಕಂತಿಲ್ಲ.

ಮಳೆಗಾಲದ_ಮಗಳು:

ನನ್ನದೂ ಹೇಳಿ ಮುಗಿಸುತ್ತೇನೆ. ವಿಷಯ ಮೊದಲೇ ಕಳಿಸಿ ಅಂತ ಮೇಲ್ ಹಾಕಿದೆ. ‘ನೋಡೋಣ’ ಅಂತ ಉತ್ತರ ಬಂತು, ಅಂದರೆ ಇಲ್ಲ. ಹಾಗಾಗಿ ನನ್ನ ಉಪಾಯ: ಮೀಟಿಂಗ್ ಶುರುವಾದ ಎರಡು ನಿಮಿಷದೊಳಗೆ, ಇಸ್ತ್ರಿ ಇಲ್ಲದ ಒಂದು ಮಾತು. ಉಳಿದದ್ದೆಲ್ಲ ಚಾಟ್‌ನಲ್ಲಿ ಬರೆಯುವುದು, ಅದು ನನಗೆ ಬರುತ್ತದೆ. ಇವತ್ತು ಮಾತಾಡಿದೆ. ಒಂದು ವಾಕ್ಯ. ಕ್ರಿಯಾಪದ ತಪ್ಪಿತ್ತು, ಅದು ಬಾಯಿಂದ ಹೊರಟಾಗಲೇ ಗೊತ್ತಾಯಿತು. ಯಾರೂ ಏನೂ ಅನ್ನಲಿಲ್ಲ. ಮ್ಯಾನೇಜರ್ ‘ಸರಿ, ಹಾಗಾದರೆ ಅದನ್ನು ನೀವೇ ನೋಡಿಕೊಳ್ಳಿ’ ಅಂತ ಕೆಲಸ ಒಂದು ಜಾಸ್ತಿ ಹಚ್ಚಿದರು. ಮಾತಾಡಿದರೆ ಇದೂ ಉಂಟು ಅಂತ ನೀವು ಯಾರೂ ಹೇಳಲಿಲ್ಲ.

ಮಾಣಿಯ_ಅಪ್ಪ:

ನಿನ್ನೆ ರಾತ್ರಿ ಒಂಬತ್ತೂವರೆಗೆ ಬಾಗಿಲು ತೆಗೆದ. ಅಕ್ಕೋರು ಹೇಳಿದ ಹಾಗೆ ಪೇಪರ್ ಕೇಳಿದೆ. ‘ನಿಮಗೆ ಅರ್ಥ ಆಗುವುದಿಲ್ಲ’ ಅಂದ. ‘ಆಗುವುದಿಲ್ಲ, ಎಣಿಸಲು ಬರುತ್ತದೆ’ ಅಂದೆ. ಸ್ವಲ್ಪ ನಕ್ಕ.

ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಫಿಸಿಕ್ಸ್ 45 ಪ್ರಶ್ನೆ. ಸರಿ 24, ತಪ್ಪು 4. ಉತ್ತರವೇ ಬರೆಯದೆ ಬಿಟ್ಟದ್ದು 17. ಬಿಟ್ಟದ್ದನ್ನು ಒಂದೊಂದೇ ಮಾಡು ನೋಡೋಣ ಅಂದೆ. ಮೊದಲ ಆರರಲ್ಲಿ ನಾಲ್ಕು ಸರಿ ಬಂತು. ಯಾಕೋ ಬಿಟ್ಟೆ ಅಂದರೆ, ತಪ್ಪಾದರೆ ಒಂದು ಅಂಕ ಹೋಗುತ್ತದಲ್ಲ ಅಪ್ಪ, ಪೂರ್ತಿ ಖಾತ್ರಿ ಆಗದೆ ಗೋಲ ತುಂಬಲು ಕೈ ಬರಲಿಲ್ಲ ಅಂದ.

ಏಳನೆಯದು ಮಾಡುವಾಗ ಕರೆಂಟು ಹೋಯಿತು. ಅವನ ಅಮ್ಮ ಮೊಬೈಲ್ ಟಾರ್ಚ್ ಹಿಡಿದುಕೊಂಡು ನಿಂತಳು, ಉಳಿದದ್ದನ್ನು ಅದೇ ಬೆಳಕಿನಲ್ಲಿ ಮಾಡಿದ.